ಕುಟ್ರು ಹಕ್ಕಿಯ ಕಾಲು

ಅಡಿಕೆ ಕೊನೆ ಕೊಯ್ಲಿನ ಸಮಯ. ನಾನು ಜಗಲಿಯಲ್ಲಿ ಕೂತು ಕುಟ್ರು ಹಕ್ಕಿಯ ಚಿತ್ರ ಮುಗಿಸುತ್ತಿದ್ದೆ. ಮರ ಹತ್ತಿ ಕೊನೆ ಇಳಿಸಲು ನಮ್ಮ ತೋಟಕ್ಕೆ ಬರುವ ಕೊನೆಗೌಡರು ನೀರು ಕುಡಿಯಲು ಬಂದವರು ಅಲ್ಲೇ ನಿಂತು ನೋಡಿದರು.

"ಅಕ್ಕಾ, ಬಣ್ಣ ಎಲ್ಲಾ ಸರಿ ಇದೆ. ಕಾಲು ಮಾತ್ರ ಕೋಳಿದು ಹಾಕಿದೀರಲ್ಲ. ಇದ್ರಲ್ಲಿ ಮರ ಹೆಂಗೆ ಹಿಡ್ಕೊಳ್ಳತ್ತೆ ಅದು?"

ನೋಡಿದೆ. ಮುಂದೆ ಮೂರು ಬೆರಳು, ಹಿಂದೆ ಒಂದು. ನಾನು ಇಟ್ಟುಕೊಂಡಿದ್ದ ಫೋಟೋದಲ್ಲಿ ಕಾಲಿಗೆ ಎಲೆ ಅಡ್ಡ ಬಂದಿತ್ತು. ಕಾಣದ್ದನ್ನು ಕೈ ಅಭ್ಯಾಸದಲ್ಲಿ ತುಂಬಿಬಿಟ್ಟಿತ್ತು. ಕುಟ್ರುವಿಗೆ ಮುಂದೆ ಎರಡು, ಹಿಂದೆ ಎರಡು ಬೆರಳು. ಗಿಳಿಗೆ ಇರುವ ಹಾಗೆ. ನೆಟ್ಟಗೆ ನಿಂತ ಒಣ ಕೊಂಬೆಗೆ ಅಂಟಿಕೊಂಡು, ಬಾಲ ಊರಿ, ಕೊಕ್ಕಿನಿಂದ ಕುಟ್ಟಿ ಕುಟ್ಟಿ ಗೂಡು ಕೊರೆಯುವ ಹಕ್ಕಿ ಅದು. ಹಿಡಿತ ಇಲ್ಲದೆ ಆಗುತ್ತದಾ? ದಿನಾ ಮರ ಹತ್ತುವವರ ಕಣ್ಣು ಮೊದಲು ಹೋಗಿದ್ದೇ ಹಿಡಿತದ ಮೇಲೆ.

ಹನ್ನೊಂದು ದಿನದ ಕೆಲಸ ಅದು. ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದೆ. ಅವತ್ತಿನಿಂದ ನಾನು ಯಾವ ಹಕ್ಕಿಯನ್ನೂ ಕಾಲಿನಿಂದಲೇ ಶುರು ಮಾಡುತ್ತೇನೆ.

"ಇಷ್ಟು ಒಳ್ಳೊಳ್ಳೆ ಫೋಟೋ ಇರುವಾಗ ಚಿತ್ರ ಯಾಕೆ?" ಅಂತ ತುಂಬಾ ಜನ ಕೇಳುತ್ತಾರೆ. ಫೋಟೋದಲ್ಲಿ ಇರುವುದು ಒಂದು ಹಕ್ಕಿ, ಅದರ ಒಂದು ಕ್ಷಣ. ಅಡಿಕೆ ತೋಟದ ನೆರಳಿನಲ್ಲಿ ಕುಟ್ರುವಿನ ಹಸಿರು ಕಪ್ಪಾಗಿ ಕಾಣಬಹುದು. ಕೆನ್ನೆಯ ಬಿಳಿ ಪಟ್ಟಿ ಕೊಂಬೆಯ ಹಿಂದೆ ಹೋಗಿರಬಹುದು. ನೋಡಿದವರು ಮುಂದೆ ಯಾವಾಗಲಾದರೂ ಆ ಹಕ್ಕಿಯನ್ನು ಗುರುತಿಸಬೇಕು ಅಂದರೆ ಪಟ್ಟಿಯೂ ಕಾಣಬೇಕು, ಕೊಕ್ಕಿನ ಬುಡದ ಮೀಸೆಯಂಥ ಗರಿಯೂ ಕಾಣಬೇಕು, ಕಾಲೂ ಕಾಣಬೇಕು. ಹತ್ತಾರು ಸಲ ನೋಡಿದ್ದನ್ನೆಲ್ಲ ಒಂದೇ ಹಕ್ಕಿಯಲ್ಲಿ ಕೂಡಿಸುವುದು ಚಿತ್ರದ ಕೆಲಸ.

ಹಾಗೆ ನೋಡುವುದನ್ನು ನಾನು ಕಲಿತದ್ದು ಮಂಡಗದ್ದೆಯಲ್ಲಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಮಳೆಗಾಲದಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಿನಂಥ ಉದ್ದ ಕತ್ತಿನ ಹಾವಕ್ಕಿ ಗೂಡು ಕಟ್ಟುತ್ತವೆ. ಹೊಳೆ ದಂಡೆಯಲ್ಲೇ ರಸ್ತೆ ಇರುವುದರಿಂದ ಹಕ್ಕಿಗೆ ತೊಂದರೆ ಕೊಡದೆ ಗಂಟೆಗಟ್ಟಲೆ ಕೂರಬಹುದು. ಬೈನಾಕ್ಯುಲರ್‌ನಲ್ಲಿ ಹತ್ತು ಸೆಕೆಂಡ್ ನೋಡುವುದು, ಕೆಳಗಿಡುವುದು, ಮತ್ತೆ ನೋಡದೆ ಬರೆಯುವುದು. ಮೊದಲ ವಾರ ಬರೀ ಗೀಚಾಟ.

ಹಾವಕ್ಕಿಯ ಕತ್ತು ನನ್ನನ್ನು ಜಾಸ್ತಿ ಕಾಡಿಸಿತು. ನಾನು ಪ್ರತಿ ಸಲ ನಯವಾದ ಬಳ್ಳಿಯ ಹಾಗೆ ಬಳುಕಿಸಿ ಬರೆಯುತ್ತಿದ್ದೆ. ನೋಡಲು ಚೆಂದ ಇತ್ತು, ಆದರೆ ಅದು ಹಾವಕ್ಕಿ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಒಂದು ಹಕ್ಕಿ ರೆಕ್ಕೆ ಬಿಚ್ಚಿ ಒಣಗಿಸುತ್ತಾ ಪಕ್ಕಕ್ಕೆ ತಿರುಗಿತು. ಆಗ ಕಂಡಿತು. ಕತ್ತಿನ ಮಧ್ಯೆ ಒಂದು ಮೂಲೆ ಇದೆ. ನಮ್ಮ ಮೊಣಕೈ ಮಡಚಿದ ಹಾಗೆ. ಆಮೇಲೆ ಓದಿ ತಿಳಿದೆ, ಕತ್ತಿನ ಎಂಟನೆಯ ಮೂಳೆಯ ಹತ್ತಿರ ಹಾಗೊಂದು ಕೀಲು ಇದೆ. ಮಡಚಿಟ್ಟ ಕತ್ತು ಅಲ್ಲಿಂದಲೇ ಥಟ್ಟನೆ ಚಿಮ್ಮಿ, ನೀರಿನೊಳಗೆ ಮೀನನ್ನು ಭರ್ಜಿಯ ಹಾಗೆ ಚುಚ್ಚುತ್ತದೆ. ಆ ಒಂದು ಮೂಲೆ ಹಾಕಿದ ಕೂಡಲೇ ಹಾಳೆಯ ಮೇಲೆ ಹಾವಕ್ಕಿ ಬಂದು ಕೂತಿತು. ಆ ಪುಟ ಈಗಲೂ ನನ್ನ ಹತ್ತಿರ ಇದೆ. ಮಳೆ ಹನಿ ಬಿದ್ದ ಕಲೆಯೂ ಇದೆ.

ಬಣ್ಣದ ವಿಷಯಕ್ಕೆ ಬಂದರೆ, ಟ್ಯೂಬಿನ ಹಸಿರನ್ನು ನಾನು ಕುಟ್ರುವಿಗೆ ಹಾಕುವುದಿಲ್ಲ. ಮೊದಲು ತೆಳು ಹಳದಿ, ಒಣಗಿದ ಮೇಲೆ ಅದರ ಮೇಲೆ ತೆಳು ನೀಲಿ. ಹಕ್ಕಿಗಳ ಹಸಿರೂ ಹೆಚ್ಚಾಗಿ ಹಾಗೇ ಆಗುವುದು. ಗರಿಯೊಳಗೆ ಇರುವ ಬಣ್ಣ ಹಳದಿ. ನೀಲಿ ಮಾತ್ರ ಬಣ್ಣವಲ್ಲ, ಗರಿಯ ರಚನೆಯಲ್ಲಿ ಬೆಳಕು ಚದುರಿ ಹಾಗೆ ಕಾಣುವುದು. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಆದರೆ ಮಲೆನಾಡಿನ ಆಷಾಢದಲ್ಲಿ ಹಳದಿ ಒಣಗಬೇಕಲ್ಲ! ಬಟ್ಟೆಯೇ ಒಣಗುವುದಿಲ್ಲ. ಕಾಗದ ತೇವ ಎಳೆದು ಮೆತ್ತಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಜಾಗದಲ್ಲಿ ಬಣ್ಣ ಚುಕ್ಕೆ ಚುಕ್ಕೆಯಾಗಿ ಒಳಗೆ ಇಳಿದುಬಿಡುತ್ತದೆ. ಅದನ್ನು ತಿದ್ದುವುದಕ್ಕೆ ಆಗುವುದಿಲ್ಲ. ಎರಡು ವರ್ಷ ದುಬಾರಿ ಕಾಗದ ಹೀಗೇ ಹಾಳಾಯಿತು. ಈಗ 300 ಜಿಎಸ್‌ಎಂನ ದಪ್ಪ ಹಾಳೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಮಳೆಗಾಲ ಪೂರ್ತಿ ಪೆನ್ಸಿಲ್ ಕೆಲಸ. ಬಣ್ಣ ದೀಪಾವಳಿ ಕಳೆದ ಮೇಲೆ.

ಬ್ರಷ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಕಲಿಯುವಾಗ ಅಂಗಡಿಯವರೊಬ್ಬರು ಸಣ್ಣ ಗೆರೆಗೆ ಇದಕ್ಕಿಂತ ಒಳ್ಳೆಯದಿಲ್ಲ ಅಂತ ಒಂದು ಬ್ರಷ್ ಕೊಟ್ಟಿದ್ದರು. ನಿಜವಾಗಿಯೂ ಅದ್ಭುತವಾಗಿತ್ತು. ಕೆಲವು ವರ್ಷದ ಮೇಲೆ ತಿಳಿಯಿತು, ಅದು ಮುಂಗುಸಿಯ ಕೂದಲು. ಮುಂಗುಸಿಯನ್ನು ಕೊಂದು ಬ್ರಷ್ ಮಾಡುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದೇ ಬ್ರಷ್‌ನಲ್ಲಿ ನಾನು ಮುಂಗುಸಿಯ ಚಿತ್ರವನ್ನೂ ಬರೆದಿದ್ದೆ. ಅವತ್ತು ರಾತ್ರಿ ಊಟ ಸೇರಲಿಲ್ಲ. ಈಗ ಸಿಂಥೆಟಿಕ್ ಬ್ರಷ್ ಮಾತ್ರ. ತುದಿ ಬೇಗ ಸವೆಯುತ್ತದೆ, ಪರವಾಗಿಲ್ಲ. ಹೊಸದಾಗಿ ಶುರು ಮಾಡುವವರು ದಯವಿಟ್ಟು ಕೊಳ್ಳುವ ಮೊದಲು ಕೇಳಿ.

ಸದ್ಯಕ್ಕೆ ಕೆಂಜಳಿಲು ಹಿಡಿದಿದ್ದೇನೆ. ಮನೆ ಹಿಂದಿನ ಹಲಸಿನ ಮರದಲ್ಲಿ ಒಂದಿದೆ. ತಲೆ ಕೆಳಗೆ ಮಾಡಿ ಇಳಿಯುವಾಗ ಅದರ ಹಿಂಗಾಲಿನ ಪಾದ ಪೂರ್ತಿ ಹಿಂದಕ್ಕೆ ತಿರುಗಿ ತೊಗಟೆ ಕಚ್ಚುತ್ತದೆ. ಹದಿನಾಲ್ಕು ಸ್ಕೆಚ್ ಆಯಿತು, ಆ ತಿರುವು ಇನ್ನೂ ಸರಿಯಾಗಿ ಕೂತಿಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ ಅದು ಇಳಿಯುತ್ತದೆ. ನಾಳೆ ಮತ್ತೆ ಮರದ ಬುಡದಲ್ಲಿ ಕೂರಬೇಕು.