ಮೊದಲ ಪ್ರೋಗ್ರಾಮಿಂಗ್ ಭಾಷೆ: ಯಾವುದನ್ನು ಆರಿಸಬೇಕು, ಹೇಗೆ ಕಲಿಯಬೇಕು?

ಪೈಥಾನಾ, ಜಾವಾನಾ, ಸಿ ಭಾಷೆಯಾ? ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತದೆ. ಅದಕ್ಕೇ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಕೋಡಿಂಗ್ ಕಲಿತು ಏನು ಮಾಡಬೇಕು ಅಂತಿದ್ದೀರಿ?

ವೆಬ್‌ಸೈಟ್ ಮಾಡುವ ಆಸೆಯಿದ್ದರೆ ಜಾವಾಸ್ಕ್ರಿಪ್ಟ್ ಹಿಡಿಯಿರಿ, ಜೊತೆಗೆ ಸ್ವಲ್ಪ ಎಚ್‌ಟಿಎಂಎಲ್ (ವೆಬ್ ಪುಟದ ರಚನೆ ಬರೆಯುವ ಭಾಷೆ). ಬ್ರೌಸರ್ ಒಂದಿದ್ದರೆ ಸಾಕು, ಬೇರೇನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಚಿಕ್ಕ ಮಕ್ಕಳಿಗಾದರೆ ಬ್ಲಾಕ್ ಜೋಡಿಸಿ ಆಡುವ ಸ್ಕ್ರ್ಯಾಚ್. ಡೇಟಾ, ಲೆಕ್ಕಾಚಾರದ ಕಡೆ ಒಲವಿದ್ದರೆ ಪೈಥಾನ್. ಏನೂ ತೋಚದಿದ್ದರೂ ಪೈಥಾನ್ ಅಂತಲೇ ನಾನು ಹೇಳುತ್ತೇನೆ. ಸಿ ಭಾಷೆಯಲ್ಲಿ ಪರದೆಯ ಮೇಲೆ ಒಂದು ಸಾಲು ಮೂಡಿಸಲು ನಾಲ್ಕೈದು ಸಾಲು ಬರೆಯಬೇಕು. ಪೈಥಾನಿನಲ್ಲಿ ಒಂದೇ ಸಾಲು.

ಇನ್ನು ಕಲಿಯುವುದು ಎಲ್ಲಿಂದ? ಇಲ್ಲಿ ಸ್ವಲ್ಪ ಹುಷಾರಾಗಿರಿ. ಪೈಥಾನಿನ ಅಧಿಕೃತ ಟ್ಯುಟೋರಿಯಲ್ ಉಚಿತ, ಆದರೆ ಅದು ಬೇರೆ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗಾಗಿ ಬರೆದದ್ದು. ಅರ್ಥವಾಗಲಿಲ್ಲ ಅಂತ ಬೇಜಾರಾಗಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಎಂಬ ಕಂಪ್ಯೂಟರ್ ವಿಜ್ಞಾನ ಕೋರ್ಸಿನ ಪಾಠಗಳೂ ಉಚಿತ. ಸ್ಕ್ರ್ಯಾಚ್‌ನಿಂದ ಶುರುವಾಗಿ ಸಿ, ಆಮೇಲೆ ಪೈಥಾನ್‌ಗೆ ಬರುತ್ತವೆ. ಬ್ರೌಸರಿನಲ್ಲೇ ಬರೆದು ಕಲಿಯಲು ಫ್ರೀಕೋಡ್‌ಕ್ಯಾಂಪ್ ಎಂಬ ವೆಬ್‌ಸೈಟ್ ಇದೆ. ಪೈಥಾನಿನ ಹಳೆಯ ಪುಸ್ತಕ ಸಿಕ್ಕರೆ, ಪರದೆಯ ಮೇಲೆ ಸಾಲು ಮೂಡಿಸುವ 'ಪ್ರಿಂಟ್' (print) ಪದದ ನಂತರ ಆವರಣ ಚಿಹ್ನೆ ಇದೆಯೇ ನೋಡಿ. ಇಲ್ಲದಿದ್ದರೆ ಅದು ಪೈಥಾನ್ 2ರ ಪುಸ್ತಕ. ಆ ಆವೃತ್ತಿಗೆ 2020ರಲ್ಲೇ ಬೆಂಬಲ ನಿಂತಿದೆ.

ಒಂದು ಭಾಷೆ, ಒಂದು ಕೋರ್ಸ್. ಮೂರು ತಿಂಗಳು ಬದಲಿಸಬೇಡಿ. ಸುಮ್ನೆ ವಿಡಿಯೊ ನೋಡುತ್ತಾ ಕೂತರೆ ಎಲ್ಲ ಗೊತ್ತಾದಂತೆ ಅನ್ನಿಸುತ್ತದೆ, ಆದರೆ ಖಾಲಿ ಪರದೆ ಎದುರಾದಾಗ ಕೈ ಓಡುವುದಿಲ್ಲ. ಹಾಗಾಗಿ ವಿಡಿಯೊ ನಿಲ್ಲಿಸಿ ನೀವೇ ಟೈಪ್ ಮಾಡಿ. ಕಾಪಿ ಪೇಸ್ಟ್ ಬೇಡ.

ಎರಡನೇ ವಾರಕ್ಕೇ ಒಂದು ಆಟ ಬರೆಯಿರಿ: ಕಂಪ್ಯೂಟರ್ 1ರಿಂದ 100ರೊಳಗೆ ಒಂದು ಸಂಖ್ಯೆ ಇಟ್ಟುಕೊಳ್ಳಲಿ, ನೀವು ಊಹಿಸಿ. ನಿಮ್ಮ ಊಹೆ ಜಾಸ್ತಿಯೋ ಕಡಿಮೆಯೋ ಅಂತ ಅದು ಹೇಳಬೇಕು. ಬಹುಶಃ ಮೊದಲ ಸಲ ಓಡಿಸಿದಾಗ ಕೆಂಪಕ್ಷರದ ಎರರ್ ಬರುತ್ತದೆ. ಗಾಬರಿ ಬೇಡ. ಕೊನೆಯ ಸಾಲನ್ನು ಮೊದಲು ಓದಿ. 'ಟೈಪ್‌ಎರರ್' (TypeError) ಎಂದಿದ್ದರೆ, ನೀವು ಒತ್ತಿದ 50 ಅನ್ನು ಪೈಥಾನ್ ಸಂಖ್ಯೆಯಾಗಿ ಅಲ್ಲ, ಬರೀ ಅಕ್ಷರಗಳಾಗಿ ತೆಗೆದುಕೊಂಡಿದೆ ಎಂದರ್ಥ. ಅದನ್ನು ಪೈಥಾನಿನಲ್ಲೇ ಇರುವ 'ಇಂಟ್' (int) ಫಂಕ್ಷನ್‌ನಿಂದ ಸಂಖ್ಯೆಯಾಗಿಸಿ, ಮತ್ತೆ ಓಡಿಸಿ ನೋಡಿ.