ಅರ್ಥ ಬರೆಸದೆ ‘ನಾಈವ್’ ಕಲಿಸಿದ ನನ್ನ ಅನುಭವ

‘ನಾಈವ್’ (naive) ಎಂಬ ಇಂಗ್ಲಿಷ್ ಪದವನ್ನು ಕನ್ನಡದ ಅರ್ಥ ಬರೆಸದೆಯೇ ಕಲಿಸುತ್ತೇನೆ ಎಂದಾಗ, ಮುಂಬೈ ಕಡೆಯ ಡೊಂಬಿವಲಿಯಿಂದ ದಾದರಿನವರೆಗೆ ನನಗೆ ಪರಿಚಯವಿರುವ ಟ್ಯೂಷನ್ ಮೇಷ್ಟ್ರುಗಳಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಮುಗ್ಧ ಎಂದು ಬರೆಸಿ ಮುಂದಿನ ಪದಕ್ಕೆ ಹೋಗಿ, ಪರೀಕ್ಷೆಗೆ ಅಷ್ಟು ಸಾಕು’ ಎಂದರು. ಪರೀಕ್ಷೆಗೆ ಸಾಕು, ನಿಜ. ಆದರೆ ಭಾನುವಾರ ಬೆಳಿಗ್ಗೆ ನನ್ನ ತರಗತಿಗೆ ಬರುವವರು ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಕೊರಿಯರ್ ಕಚೇರಿಯವರು, ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬರುವವರು. ಅವರಿಗೆ ಪದ ಬಾಯಲ್ಲಿ ಸರಿಯಾಗಿ ಆಡಬೇಕು.

ಆ ‘ಮುಗ್ಧ’ದಿಂದ ಆಗುವ ಅನಾಹುತ ನಾನು ಕಣ್ಣಾರೆ ಕಂಡದ್ದು. ಕುಂದಾಪುರದ ಕಡೆಯ ಒಬ್ಬ ಹುಡುಗಿ ಕೆಲಸದ ಅರ್ಜಿಯಲ್ಲಿ ತಾನು ಪ್ರಾಮಾಣಿಕಳು, ಶ್ರಮಜೀವಿ, ‘ನಾಈವ್’ ಎಂದು ಬರೆದಿದ್ದಳು. ಬೇರೊಂದು ಕೋಚಿಂಗ್ ತರಗತಿಯ ಪದಪಟ್ಟಿ ಅವಳಿಗೆ ಕಲಿಸಿದ್ದು ಅದನ್ನೇ. ಸಂದರ್ಶನದಲ್ಲಿ ಎದುರಿಗಿದ್ದವರು ನಕ್ಕರಂತೆ, ಕೆಲಸ ಸಿಗಲಿಲ್ಲ. ಪಟ್ಟಿ ಮಾಡಿದವರ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕನ್ನಡದಲ್ಲಿ ಮುಗ್ಧ ಎಂದರೆ ಹೆಚ್ಚುಕಡಿಮೆ ಹೊಗಳಿಕೆ. ಮುಗ್ಧ ನಗು, ಮುಗ್ಧ ಮನಸ್ಸು ಎನ್ನುತ್ತೇವೆ. ಅಲಂಕಾರಶಾಸ್ತ್ರದಲ್ಲಿ ಮುಗ್ಧೆ ಒಬ್ಬ ನಾಯಿಕೆಯೇ. ಇಂಗ್ಲಿಷಿನವರು ಬೆಳೆದ ಮನುಷ್ಯನನ್ನು ‘ನಾಈವ್’ ಎಂದರೆ ಬಹುಮಟ್ಟಿಗೆ ಅದು ಆಕ್ಷೇಪಣೆ.

ಮೊದಲು ಮಾಡಿದ್ದು ಚೀಟಿಗಳ ಕಟ್ಟು. ಒಂದು ಬದಿ ಪದ, ಇನ್ನೊಂದು ಬದಿ ಚಿತ್ರ. ದಪ್ಪ ಕಾಗದದಲ್ಲಿ ಬಣ್ಣದಲ್ಲಿ ಅಚ್ಚು ಹಾಕಿಸಲು ಎಂಟು ಸಾವಿರದ ಆಸುಪಾಸು ಖರ್ಚಾಯಿತು. ತರಗತಿಯ ಕೋಣೆಗೇ ತಿಂಗಳಿಗೆ ಸಾವಿರದೈನೂರು ಕೊಡುವವನಿಗೆ, ತಲೆಗೆ ನಾನೂರು ಶುಲ್ಕ ಪಡೆಯುವವನಿಗೆ, ಅದು ಸಣ್ಣ ಮೊತ್ತವಲ್ಲ. ‘ಟೇಬಲ್’, ‘ಲ್ಯಾಡರ್’ ಬಗೆಯ ಪದಗಳಿಗೆ ಚೀಟಿ ಚೆನ್ನಾಗಿಯೇ ನಡೆಯಿತು. ‘ನಾಈವ್’ಗೆ ಚಿತ್ರಕಾರ ಬರೆದುಕೊಟ್ಟದ್ದು ಕಣ್ಣರಳಿಸಿದ ಒಂದು ಮಗು! ಮತ್ತೆ ಅದೇ ಮುಗ್ಧ. ಕಟ್ಟುಗಳಲ್ಲಿ ಅರ್ಧದಷ್ಟು ಈಗಲೂ ಮಂಚದ ಕೆಳಗಿವೆ.

ಆಮೇಲೆ ಮರಾಠಿಯ ಮೂಲಕ ಪ್ರಯತ್ನಿಸಿದೆ. ಮರಾಠಿಯ ‘ಭಾಬಡಾ’ ನಮ್ಮ ‘ಮುಗ್ಧ’ಕ್ಕಿಂತ ಈ ಪದಕ್ಕೆ ಎಷ್ಟೋ ಹತ್ತಿರ. ಅದರಲ್ಲಿ ಪ್ರೀತಿಯೂ ಇದೆ, ‘ಅಯ್ಯೋ, ಇಷ್ಟೂ ಗೊತ್ತಾಗಬಾರದೇ’ ಎಂಬ ಮರುಕವೂ ಇದೆ. ಇಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ತಕ್ಷಣ ಹಿಡಿಸಿತು. ಊರಿನಿಂದ ಹೊಸದಾಗಿ ಬಂದವರಿಗೆ ಮಾತ್ರ ಮರಾಠಿಯೇ ಇನ್ನೊಂದು ಪಾಠವಾಯಿತು. ತರಗತಿ ಎರಡು ಭಾಗವಾಗುವುದನ್ನು ಕಂಡು ಅದನ್ನು ಬಿಟ್ಟೆ. ಆದರೂ ಮುಂಬೈ, ಪುಣೆಯಲ್ಲಿ ಕಲಿಸುವ ಕನ್ನಡಿಗರು ಇದನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳಬೇಕು.

ಕೊನೆಗೆ ಕೈಹಿಡಿದದ್ದು ಜಗಳ. ಬೋರ್ಡಿನ ಮೇಲೆ ‘ಇನೊಸೆಂಟ್’, ‘ನಾಈವ್’ ಎಂಬ ಎರಡೇ ಪದ ಬರೆಯುತ್ತೇನೆ, ಅರ್ಥ ಹೇಳುವುದಿಲ್ಲ. ಸಂದರ್ಭಗಳನ್ನು ಒಂದೊಂದಾಗಿ ಕೊಡುತ್ತೇನೆ. ಮೂರು ವರ್ಷದ ಮಗು ಹಾವನ್ನು ಹಿಡಿಯಲು ಕೈಚಾಚಿತು. ನ್ಯಾಯಾಲಯ ಆರೋಪಿಯನ್ನು ತಪ್ಪಿತಸ್ಥನಲ್ಲ ಎಂದು ಬಿಟ್ಟಿತು. ಇವೆರಡೂ ‘ಇನೊಸೆಂಟ್’ ಎಂದು ಹೇಗೋ ಗೊತ್ತಾಗುತ್ತದೆ. ಮೂವತ್ತು ದಾಟಿದ ಒಬ್ಬ, ರಸೀದಿ ಕೇಳದೆ, ಕರಾರುಪತ್ರ ಓದದೆ, ಬಾಡಿಗೆ ಮನೆಯ ಡಿಪಾಸಿಟ್ಟನ್ನು ದಲ್ಲಾಳಿಯ ಕೈಗಿತ್ತ. ಉಳಿದ ಪದ ‘ನಾಈವ್’ ತಾನಾಗಿ ಇದಕ್ಕೆ ಬೀಳುತ್ತದೆ. ಆಮೇಲೆ ನಿಜವಾದ ಪಾಠ: ಹದಿನೆಂಟರ ಹುಡುಗ, ಊರಿನಿಂದ ಬಂದು ವಾರವಾಗಿಲ್ಲ, ಅವನೂ ಹಾಗೆಯೇ ಹಣ ಕೊಟ್ಟ. ಈಗ ಯಾವ ಪದ?

ಇಲ್ಲಿ ತರಗತಿ ಎರಡು ಪಕ್ಷವಾಗುತ್ತದೆ. ‘ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು ಸರ್’ ಎನ್ನುವವರು ಒಂದು ಕಡೆ. ‘ಮುಂಬೈಗೆ ಬರುವವನು ಇಷ್ಟಾದರೂ ತಿಳಿದಿರಬೇಡವೇ’ ಎನ್ನುವವರು ಇನ್ನೊಂದು ಕಡೆ. ನಾನು ಬಾಯಿ ಹಾಕುವುದಿಲ್ಲ. ಕನ್ನಡದಲ್ಲಿ, ತುಳುವಿನಲ್ಲಿ, ಹೇಗೆ ಬೇಕಾದರೂ ವಾದಿಸಲಿ. ಹತ್ತು ಹದಿನೈದು ನಿಮಿಷದಲ್ಲಿ ಯಾರಾದರೊಬ್ಬರು ಸೂತ್ರವನ್ನು ತಾವೇ ಹೇಳಿಬಿಡುತ್ತಾರೆ: ತಿಳಿಯದಿರುವುದು ತಪ್ಪಲ್ಲದಿದ್ದರೆ ‘ಇನೊಸೆಂಟ್’, ತಿಳಿದಿರಬೇಕಾದದ್ದು ತಿಳಿಯದಿದ್ದರೆ ‘ನಾಈವ್’. ಆ ‘ಬೇಕಾದದ್ದು’ ಎಂಬ ತೀರ್ಪು ಹೇಳುವವನದು. ಒಬ್ಬನೇ ಹುಡುಗನಿಗೆ ತಾಯಿ ಒಂದು ಪದ, ಮಾಲೀಕ ಇನ್ನೊಂದು ಪದ ಬಳಸಬಹುದು. ಹೀಗೆ ಕಲಿತವರು ಮರೆತದ್ದನ್ನು ನಾನು ಕಂಡಿಲ್ಲ.

ಅಷ್ಟಾದ ಮೇಲೆ ಬಳಕೆ ಸುಲಭ. ತನ್ನದೇ ಹಳೆಯ ದಿನಗಳ ಬಗ್ಗೆ ‘ಆಗ ನಾನು ನಾಈವ್ ಆಗಿದ್ದೆ’ ಎಂದರೆ ಮರ್ಯಾದೆ ಹೋಗದು. ಈಗ ಬಲಿತಿದ್ದೇನೆ ಎಂದೇ ಅರ್ಥ. ಎದುರಿಗಿರುವವನಿಗೆ ‘ನೀನು ನಾಈವ್’ ಎಂದರೆ ಚುಚ್ಚುತ್ತದೆ. ಮೇಲಧಿಕಾರಿಗಂತೂ ಹೇಳಲೇಬಾರದು. ಕಚೇರಿಯ ಪತ್ರದಲ್ಲಿ, ಪತ್ರಿಕೆಯ ಸಂಪಾದಕೀಯದಲ್ಲಿ ಮನುಷ್ಯನನ್ನು ಬಿಟ್ಟು ನಂಬಿಕೆಗೆ ಆ ಪದ ಹಚ್ಚುತ್ತಾರೆ: ಬೆಲೆ ತಾನಾಗಿ ಇಳಿಯುತ್ತದೆ ಎಂದು ನಂಬುವುದು ‘ನಾಈವ್’ ಆದೀತು, ಎಂಬಂತೆ. ನಮ್ಮವರಿಗೆ ದಿನನಿತ್ಯ ಬೇಕಾಗುವುದು ಈ ಕೊನೆಯ ರೂಪವೇ, ಆದ್ದರಿಂದ ಅದನ್ನೇ ಹೆಚ್ಚು ತಿದ್ದಿಸುತ್ತೇನೆ.

ಉಚ್ಚಾರಣೆಗೆ ಕನ್ನಡ ಲಿಪಿಯೇ ಮದ್ದು. ‘ನೇವ್’, ‘ನೈವ್’ ಎನ್ನುವವರಿಗೆ ‘ನಾ’ ಬೇರೆ, ‘ಈವ್’ ಬೇರೆ ಬರೆದು, ಒತ್ತು ಎರಡನೆಯದಕ್ಕೆ ಎಂದರೆ ಮುಗಿಯಿತು. ಕೆಲವು ಪುಸ್ತಕಗಳಲ್ಲಿ ಇಂಗ್ಲಿಷಿನ ‘ಐ’ ಅಕ್ಷರದ ಮೇಲೆ ಎರಡು ಚುಕ್ಕೆ (naïve) ಇರುವುದೂ ಆ ಎರಡು ಸ್ವರಗಳನ್ನು ಬೇರೆ ಬೇರೆ ನುಡಿಯಬೇಕು ಎಂದು ತೋರಿಸಲಿಕ್ಕೆ. ಪದ ಇಂಗ್ಲಿಷಿಗೆ ಬಂದದ್ದು 17ನೆಯ ಶತಮಾನದಲ್ಲಿ, ಫ್ರೆಂಚಿನಿಂದ. ಹಿಂದಿನ ಬೇರು ಲ್ಯಾಟಿನ್ನಿನ ‘ನಾಟಿವುಸ್’, ಹುಟ್ಟಿನಿಂದ ಬಂದದ್ದು ಎಂದು. ‘ನೇಟಿವ್’ ಕೂಡ ಅದೇ ಬೇರಿನದು.

ವಿಧಾನ ಗಟ್ಟಿಯಾದ ಮೇಲೆ ಅದನ್ನು ಒಡೆಯಲು ನೋಡಿದವರು ವಿದ್ಯಾರ್ಥಿಗಳೇ. ಅಂಧೇರಿಯ ಒಂದು ಲ್ಯಾಬಿನಲ್ಲಿ ದುಡಿಯುವ ಹುಡುಗ ವೈದ್ಯಕೀಯ ಬರಹವೊಂದರಲ್ಲಿ ‘ಟ್ರೀಟ್‌ಮೆಂಟ್ ನಾಈವ್’ ಎಂದು ಕಂಡು ತಂದ. ಆ ಕಾಯಿಲೆಗೆ ಇನ್ನೂ ಚಿಕಿತ್ಸೆಯನ್ನೇ ಪಡೆಯದ ರೋಗಿ ಎಂದರ್ಥ. ದೂಷಣೆ ಎಳ್ಳಷ್ಟೂ ಇಲ್ಲ. ಪುಣೆಯ ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವನ ಅಣ್ಣ ಫೋನಿನಲ್ಲೇ ‘ನಾಈವ್ ಬೇಯ್ಸ್’ ಸೇರಿಸಿದ: ಒಂದು ವಸ್ತು ಯಾವ ಗುಂಪಿನದು ಎಂದು ಗುರುತಿಸಲು, ಅದರ ಲಕ್ಷಣಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಸರಳವಾಗಿ ನಂಬಿ ಕಂಪ್ಯೂಟರ್ ಲೆಕ್ಕ ಹಾಕುವ ವಿಧಾನ. ಚಿತ್ರಕಲೆಯಲ್ಲಿಯೂ ಹೀಗೊಂದು ಪಂಗಡವಿದೆ. ಹೆನ್ರಿ ರೂಸೊ (1844–1910) ಪ್ಯಾರಿಸ್ಸಿನ ಸುಂಕದ ಕಟ್ಟೆಯ ನೌಕರ. ಕಲಾಶಾಲೆಯ ಮೆಟ್ಟಿಲು ಹತ್ತದೆ, ಫ್ರಾನ್ಸ್ ಬಿಟ್ಟು ಹೊರಗೆ ಹೋಗದೆ, ದಟ್ಟ ಕಾಡುಗಳನ್ನು ಬರೆದ. ಅವನ ಬಗೆಯನ್ನು ‘ನಾಈವ್ ಆರ್ಟ್’ ಎನ್ನುತ್ತಾರೆ. ಒಂದು ಭಾನುವಾರವಿಡೀ ಅವನ ಹುಲಿಗಳನ್ನು ನೋಡುವುದರಲ್ಲೇ ಕಳೆಯಿತು. ಪಾಠ ಹಿಂದೆ ಬಿತ್ತು, ನನಗೆ ಬೇಸರವಿಲ್ಲ. ಈ ವಿಶೇಷ ಬಳಕೆಗಳನ್ನು ಜಗಳದ ಪಾಠಕ್ಕೆ ಮುಂಚೆ ಮಾತ್ರ ತರಬಾರದು, ಎಲ್ಲವೂ ಕಲಸಿಹೋಗುತ್ತದೆ.

ಈಗ ಹಳೆಯ ಮೇಷ್ಟ್ರುಗಳಲ್ಲಿ ಇಬ್ಬರು ಮೂವರು ನನ್ನ ಸಂದರ್ಭಗಳ ಪಟ್ಟಿ ಕೇಳಿ ಫೋನ್ ಮಾಡುತ್ತಾರೆ. ಮೇಲೆ ಹೇಳಿದವನ್ನು ಸಂತೋಷದಿಂದ ಕೊಡುತ್ತೇನೆ. ಜಗಳ ತಣ್ಣಗಾಗುತ್ತಿರುವಾಗ ನಾನು ಎಸೆಯುವ ಎರಡು ಪ್ರಶ್ನೆಗಳನ್ನೂ ಅವುಗಳ ಕ್ರಮವನ್ನೂ ಕೊಡುವುದಿಲ್ಲ. ಅದಕ್ಕಾಗಿ ವರ್ಷಗಟ್ಟಲೆ ದುಡಿದಿದ್ದೇನೆ. ಅರ್ಜಿ ತಿದ್ದಿಕೊಂಡ ಆ ಕುಂದಾಪುರದ ಹುಡುಗಿಗೆ ಠಾಣೆ ನಗರದಲ್ಲಿ ಒಳ್ಳೆಯ ಕೆಲಸವೇ ಸಿಕ್ಕಿದೆ.

‘ಗಲಿಬಲ್’ ಕೂಡ ಇದೇ ದಾರಿಯಲ್ಲಿ ಒಂದೇ ತರಗತಿಯಲ್ಲಿ ಬಗೆಹರಿಯಿತು: ಯಾರು ಏನು ಹೇಳಿದರೂ ನಂಬಿ ಮೋಸಹೋಗುವವನಿಗೆ ಆ ಪದ. ‘ನಾಈವ್’ ಆದವನಿಗೆ ಯಾರೂ ಮೋಸ ಮಾಡಿರಬೇಕಾಗಿಲ್ಲ, ಅವನ ಎಣಿಕೆಯೇ ಸಾಕು. ‘ಇಂಜೆನ್ಯುಅಸ್’ (ಕಪಟವಿಲ್ಲದ) ಮತ್ತು ‘ಡಿಸಿಂಜೆನ್ಯುಅಸ್’ (ಏನೂ ತಿಳಿಯದವನಂತೆ ನಟಿಸುವ) ಜೋಡಿಗೆ ಇನ್ನೂ ತಕ್ಕ ಜಗಳ ಸಿಕ್ಕಿಲ್ಲ. ಮಳೆಗಾಲ ಕಳೆದ ಮೇಲಿನ ಹೊಸ ತಂಡದೊಂದಿಗೆ ಅದನ್ನು ಹಿಡಿಯುತ್ತೇನೆ.