ಪಂಚಾಯಿತಿ ಕಚೇರಿಯಲ್ಲಿ ಕೆಲಸ ಎಷ್ಟಾಗುತ್ತಿದೆ? ಊರಿನವರೇ ಲೆಕ್ಕ ಹಾಕುವ ಬಗೆ

ಗ್ರಾಮ ಪಂಚಾಯಿತಿ ಕಚೇರಿಗೆ ಹೋದಾಗ ಕುರ್ಚಿ ಖಾಲಿ ಕಂಡರೆ ‘ಇಲ್ಲಿ ಯಾರೂ ಕೆಲಸ ಮಾಡುವುದಿಲ್ಲ’ ಎಂದು ಸಿಟ್ಟಿನಿಂದ ಮರಳುವವರೇ ಹೆಚ್ಚು. ಸಿಟ್ಟು ನ್ಯಾಯವಾದದ್ದೇ ಇರಬಹುದು. ಆದರೆ ಗ್ರಾಮಸಭೆಯಲ್ಲಿ ಎದ್ದು ಹೇಳಿದರೆ ‘ಅಂದು ಸ್ಥಳ ಪರಿಶೀಲನೆಗೆ ಹೋಗಿದ್ದೆವು’ ಎಂಬ ಒಂದೇ ಉತ್ತರಕ್ಕೆ ಮಾತು ಮುಗಿದುಹೋಗುತ್ತದೆ. ಸಭೆಯಲ್ಲಿ ನಿಲ್ಲುವುದು ದಾಖಲೆ ಮಾತ್ರ. ಅದನ್ನು ಕೂಡಿಸುವುದು ನಾಲ್ಕೈದು ಮಂದಿ ಸೇರಿದರೆ ಆಗುವ ಕೆಲಸ.

ಮೊದಲು: ಯಾರ ಕೆಲಸ ಏನು?

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಕಾರ್ಯದರ್ಶಿ, ಕರವಸೂಲಿಗಾರ, ಡೇಟಾ ಎಂಟ್ರಿ ಆಪರೇಟರ್, ನೀರುಗಂಟಿ, ಜವಾನ, ಸ್ವಚ್ಛತಾಗಾರ ಹೀಗೆ ಪಟ್ಟಿ ಮಾಡಿಕೊಳ್ಳಿ. ಸಿಬ್ಬಂದಿಯ ಹೆಸರು, ಕರ್ತವ್ಯ ಮತ್ತು ಸಂಬಳದ ವಿವರವನ್ನು ಕಚೇರಿಯು ಯಾರೂ ಕೇಳದೆಯೇ ಪ್ರಕಟಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ ಹೇಳುತ್ತದೆ. ಫಲಕದಲ್ಲಿ ಇಲ್ಲದಿದ್ದರೆ ಅದನ್ನೇ ಮೊದಲು ಕೇಳಿ.

ರಾಜ್ಯ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 10ರಿಂದ ಸಂಜೆ 5.30. ಎರಡನೇ ಶನಿವಾರದ ಜೊತೆಗೆ 2019ರಿಂದ ನಾಲ್ಕನೇ ಶನಿವಾರವೂ ರಜೆ. ಆದರೆ ಈ ಗಡಿಯಾರವನ್ನು ಎಲ್ಲರಿಗೂ ಹಿಡಿಯಬೇಡಿ. ನಸುಕಿನಲ್ಲಿ ವಾಲ್ವ್ ತಿರುಗಿಸುವ, ಕರೆಂಟ್ ಬಂದ ಹೊತ್ತಿಗೆ ಮೋಟಾರ್ ಹಾಕುವ ನೀರುಗಂಟಿ ಹತ್ತು ಗಂಟೆಗೆ ಕಚೇರಿಯಲ್ಲಿ ಕಾಣದಿದ್ದರೆ ಅದು ಗೈರುಹಾಜರಿಯಲ್ಲ. ಪಿಡಿಒಗೆ ಪಕ್ಕದ ಪಂಚಾಯಿತಿಯ ಪ್ರಭಾರವೂ ಇದೆಯೇ, ಯಾವ ವಾರ ಎಲ್ಲಿರುತ್ತಾರೆ ಎಂಬುದನ್ನೂ ತಿಳಿದುಕೊಳ್ಳಿ. ಇಷ್ಟನ್ನು ವಿಚಾರಿಸದೆ ಬೆರಳು ತೋರಿಸುವುದು ಅನ್ಯಾಯ.

ಎರಡನೆಯದು: ವಹಿಗಳನ್ನು ಜೋಡಿಸಿ ಓದಿ

ಹಾಜರಾತಿ ವಹಿಯೊಂದನ್ನೇ ನೋಡಿದರೆ ಏನೂ ತಿಳಿಯದು. ಹಲವೆಡೆ ಬಯೋಮೆಟ್ರಿಕ್ ಯಂತ್ರ ಬಂದಿದೆ. ಬೆರಳು ಒತ್ತಿ ಹೊರಗೆ ಹೋದವರನ್ನು ಅದು ಹಿಡಿಯುವುದಿಲ್ಲ. ಅದರ ಪಕ್ಕದಲ್ಲಿ ಚಲನವಲನ ವಹಿಯನ್ನು ಇಟ್ಟುಕೊಳ್ಳಿ. ಕಚೇರಿ ಬಿಟ್ಟು ಹೋಗುವವರು ಎಲ್ಲಿಗೆ, ಯಾವ ಕೆಲಸಕ್ಕೆ, ಎಷ್ಟು ಹೊತ್ತಿಗೆ ಹೋದರು ಎಂದು ಬರೆಯಬೇಕಾದದ್ದು ಅಲ್ಲಿಯೇ. ನೌಕರರು ಬಂದ ಕೂಡಲೇ ಕೈಯಲ್ಲಿರುವ ಹಣ ಎಷ್ಟೆಂದು ಬರೆಯುವ ನಗದು ಘೋಷಣಾ ವಹಿಯೂ ಇರುತ್ತದೆ. ಒಂದರಲ್ಲಿ ಸಹಿ ಇದ್ದು ಇನ್ನೊಂದು ಖಾಲಿ ಇರುವ ದಿನಗಳನ್ನು ಗುರುತು ಹಾಕಿಕೊಳ್ಳಿ. ಅಂಥ ದಿನ ಒಂದೆರಡಾದರೆ ಮರೆವು. ತಿಂಗಳುಗಟ್ಟಲೆ ಹಾಗೆಯೇ ಇದ್ದರೆ ಕೇಳಲೇಬೇಕಾದ ಪ್ರಶ್ನೆ.

ವಹಿಗಳನ್ನು ತೋರಿಸಲು ಒಪ್ಪದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದಗಳ ಮಿತಿಯೂ ಇದೆ. ಆದ್ದರಿಂದ ಹಾಜರಾತಿಗೆ ಒಂದು, ಅರ್ಜಿಗಳ ವಿಲೇವಾರಿಗೆ ಒಂದು ಎಂದು ಬೇರೆ ಬೇರೆ ಹಾಕುವುದು ಜಾಣತನ. ಹೀಗೆ ಬರೆಯಬಹುದು: ‘ಇಂಥ ತಿಂಗಳ 1ರಿಂದ 30ರವರೆಗಿನ ತಮ್ಮ ಕಚೇರಿಯ ಹಾಜರಾತಿ ಮತ್ತು ಚಲನವಲನ ವಹಿಗಳ ದೃಢೀಕೃತ ನಕಲು ಕೊಡಿ; ಮೂಲ ವಹಿಗಳನ್ನು ಪರಿಶೀಲಿಸಲು ದಿನಾಂಕ ತಿಳಿಸಿ.’ 30 ದಿನಗಳಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ.

ನೌಕರರ ರಜೆ ಅರ್ಜಿ, ಕಾಯಿಲೆ, ಮನೆಯ ಸಂಗತಿಗಳನ್ನು ಕೇಳಬೇಡಿ. ಅದು ವೈಯಕ್ತಿಕ ಮಾಹಿತಿ. 8(1)(ಜೆ) ಕಲಂ ತೋರಿಸಿ ಅರ್ಜಿಯನ್ನೇ ತಳ್ಳಿಹಾಕಬಹುದು. ಕಾನೂನು ಬದಿಗಿರಲಿ, ಯಾರದೋ ಆಸ್ಪತ್ರೆಯ ಚೀಟಿ ಊರಿಗೆ ಬೇಕಿಲ್ಲ.

ಮೂರನೆಯದು: ಅರ್ಜಿಯ ಬೆನ್ನು ಹತ್ತಿ

ನಿಜವಾದ ಅಳತೆ ಇಲ್ಲಿದೆ. ದಿನವಿಡೀ ಕುರ್ಚಿಯಲ್ಲಿ ಕುಳಿತವರ ಮೇಜಿನ ಮೇಲೆಯೇ ಕಡತ ತಿಂಗಳುಗಟ್ಟಲೆ ಮಲಗಿರಬಹುದು. ಆವಕ ವಹಿಯಿಂದ ಒಂದು ತಿಂಗಳ ಅರ್ಜಿಗಳನ್ನು ನೋಟ್‌ಬುಕ್ಕಿಗೆ ಇಳಿಸಿ: ಬಂದ ದಿನ, ವಿಷಯ, ಕೊಡಬೇಕಾದ ಗಡುವು, ವಿಲೇವಾರಿಯಾದ ದಿನ. ಸಕಾಲ ಸೇವೆಗಳಿಗೆ ಗಡುವು ಮೊದಲೇ ನಿಗದಿಯಾಗಿರುತ್ತದೆ. 2011ರ ಸಕಾಲ ಕಾಯ್ದೆಯಡಿ ಸಿಗುವ ಸ್ವೀಕೃತಿ ಚೀಟಿಯಲ್ಲಿ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ‘ಅರ್ಜಿ ಇಟ್ಟು ಹೋಗಿ, ನೋಡೋಣ’ ಎಂದರೆ ಒಪ್ಪಬೇಡಿ. ಆ ಚೀಟಿ ಇಲ್ಲದೆ ನಿಮ್ಮ ಅರ್ಜಿ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

‘ವಿಲೇವಾರಿ’ ಎಂದು ಬರೆದದ್ದನ್ನೆಲ್ಲ ಆದ ಕೆಲಸ ಎಂದು ಎಣಿಸಬೇಡಿ. ‘ದಾಖಲೆ ಸಾಲದು’ ಎಂದು ಹಿಂಬರಹ ಕೊಟ್ಟರೂ ಕಡತ ಮುಗಿದಂತೆಯೇ ತೋರುತ್ತದೆ. ಉದಾಹರಣೆಗೆ, 40 ಅರ್ಜಿಗಳಲ್ಲಿ 36 ವಿಲೇವಾರಿ ಎಂದು ಕಂಡಿತು ಎನ್ನಿ. ಅದರಲ್ಲಿ 15ಕ್ಕೆ ಹಿಂಬರಹ ಸಿಕ್ಕಿದ್ದರೆ ಜನರಿಗೆ ಕೆಲಸ ಆದದ್ದು 21 ಮಾತ್ರ. ಕೆಲವು ಹಿಂಬರಹ ಸರಿಯಾಗಿಯೇ ಇರುತ್ತವೆ. ಆದರೆ ಗಡುವಿನ ಹಿಂದಿನ ದಿನವೇ ಕೊಟ್ಟ ಹಿಂಬರಹಗಳು ಹೆಚ್ಚಿದ್ದರೆ, ಬೇಕಾದ ದಾಖಲೆಯ ಹೆಸರನ್ನು ಮೊದಲ ದಿನವೇ ಏಕೆ ಹೇಳಲಿಲ್ಲ ಎಂದು ಕೇಳಲೇಬೇಕು. ದಿನಗೂಲಿ ಬಿಟ್ಟು ಮತ್ತೆ ಮತ್ತೆ ಅಲೆಯುವವರ ಮಟ್ಟಿಗೆ ಇದು ಸಣ್ಣ ಮಾತಲ್ಲ. ಉಳಿದ ಬಾಕಿಯಲ್ಲಿ ಎಲ್ಲಕ್ಕಿಂತ ಹಳೆಯ ಅರ್ಜಿ ಯಾವುದು, ಯಾರದು ಎಂಬುದನ್ನೂ ಬರೆದಿಡಿ. ಸರಾಸರಿ ದಿನಗಳ ಲೆಕ್ಕದಲ್ಲಿ ಆ ಒಬ್ಬರ ಕಷ್ಟ ಮರೆಯಾಗಿಬಿಡುತ್ತದೆ.

ನೀರು, ಬೀದಿದೀಪದ ದೂರುಗಳಿಗೆ ವಹಿ ನಂಬಬೇಡಿ. ದೂರು ಕೊಟ್ಟ ಮನೆಗೇ ಹೋಗಿ ಯಾವತ್ತು ಸರಿಯಾಯಿತು ಎಂದು ವಿಚಾರಿಸಿ.

ಕೊನೆಗೆ: ಎಲ್ಲಿ, ಯಾವಾಗ ಕೇಳಬೇಕು?

ಮೊದಲು ಪಿಡಿಒ ಮತ್ತು ಅಧ್ಯಕ್ಷರಿಗೆ ನಿಮ್ಮ ಲೆಕ್ಕ ತೋರಿಸಿ. ತಪ್ಪಿದ್ದರೆ ಅಲ್ಲಿಯೇ ತಿದ್ದಿಕೊಳ್ಳಬಹುದು. ಆಪರೇಟರ್ ಹುದ್ದೆ ಖಾಲಿ, ಸರ್ವರ್ ತೊಂದರೆ ಎಂಬಂಥ ನಿಜವಾದ ಕಾರಣಗಳೂ ಆಗ ಹೊರಬರುತ್ತವೆ. ಅಂಥದ್ದಿದ್ದರೆ ಸಿಬ್ಬಂದಿ ಕೊಡಿಸುವಂತೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ನೌಕರರ ಜೊತೆ ಸೇರಿಯೇ ಪತ್ರ ಬರೆಯಿರಿ. ಮಾತಿನಲ್ಲಿ ಬಗೆಹರಿಯದ್ದನ್ನು ಗ್ರಾಮಸಭೆಗೆ ಒಯ್ಯಿರಿ. ವ್ಯಕ್ತಿಯ ಹೆಸರು ಹಿಡಿಯದೆ ಸೇವೆಯ ಹೆಸರಿನಲ್ಲಿ ಪ್ರಶ್ನೆ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ.

ಪಂಚಾಯಿತಿಯ ಲೆಕ್ಕಪತ್ರ, ಕಾಮಗಾರಿಗಳನ್ನು ಜನರ ಮುಂದಿಡುವ ಜಮಾಬಂದಿ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ನಡೆಯಬೇಕು. ಮಾಹಿತಿ ಹಕ್ಕಿನ 30 ದಿನ, ಮೇಲ್ಮನವಿಯ ಕಾಲ ಎರಡನ್ನೂ ಕಳೆದರೆ ಮೊದಲ ಅರ್ಜಿ ಮೇ ತಿಂಗಳ ಕೊನೆಯೊಳಗೆ ಕಚೇರಿಯ ಆವಕಕ್ಕೆ ಸೇರಿರಬೇಕು. ಕೊಟ್ಟ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ.